ನಾಯಿಮರಿಯ ಮೊದಲ ಎಂಟು ವಾರಗಳು

ಮನುಷ್ಯನ ಒಡನಾಡಿಗಳಾಗಿ ಬಂದ ಪ್ರಾಣಿಗಳಲ್ಲಿ ನಾಯಿಯೇ ಎಲ್ಲಕ್ಕಿಂತ ಹಿರಿಯದು. ಆಕಳು, ಕುರಿ, ಕುದುರೆಗಳು ಅವನ ಅಂಗಳವನ್ನು ಸೇರುವುದಕ್ಕೆ ಸಾವಿರಾರು ವರ್ಷಗಳ ಮೊದಲೇ ನಾಯಿಯು ಅವನ ಬೀಡಿನ ಬೆಂಕಿಯ ಬಳಿ ಮಲಗಿತ್ತು. ಇಷ್ಟು ದೀರ್ಘವಾದ ಸಹವಾಸದಿಂದಾಗಿ, ಮನುಷ್ಯನನ್ನು ನಂಬುವ ಗುಣವು ನಾಯಿಗೆ ರಕ್ತದಲ್ಲಿಯೇ ಬಂದಿರುತ್ತದೆಂದು ನಾವು ಭಾವಿಸಿದ್ದೇವೆ. ಈ ಭಾವನೆ ಅರ್ಧ ಮಾತ್ರ ಸತ್ಯ. ರಕ್ತದಲ್ಲಿ ಬರುವುದು ನಂಬುವ ಶಕ್ತಿಯಷ್ಟೇ. ಆ ಶಕ್ತಿಯು ನಂಬಿಕೆಯಾಗಿ ಬೆಳೆಯುವುದೋ ಅಂಜಿಕೆಯಾಗಿ ತಿರುಗುವುದೋ ಎಂಬುದು ಮರಿಯ ಬಾಳಿನ ಕೆಲವೇ ವಾರಗಳಲ್ಲಿ ಬಹುಮಟ್ಟಿಗೆ ನಿರ್ಧಾರವಾಗಿಬಿಡುತ್ತದೆ. ಆ ವಾರಗಳಲ್ಲಿ ಹೆಚ್ಚಿನವು ಕಳೆಯುವುದು ಮರಿಯನ್ನು ಕೊಂಡೊಯ್ಯುವವರ ಮನೆಯಲ್ಲಲ್ಲ, ಅದು ಹುಟ್ಟಿದ ಮನೆಯಲ್ಲಿ.

ನಮ್ಮಲ್ಲಿ ಮರಿಯನ್ನು ತಿಂಗಳು ತುಂಬಿದೊಡನೆ, ಕೆಲವೊಮ್ಮೆ ಅದಕ್ಕೂ ಮೊದಲೇ, ತಾಯಿಯಿಂದ ಅಗಲಿಸಿ ಕೊಡುವ ರೂಢಿಯುಂಟು. ಎಷ್ಟು ಚಿಕ್ಕದಿರುವಾಗ ತಂದರೆ ಅಷ್ಟು ಚೆನ್ನಾಗಿ ನಮಗೆ ಒಗ್ಗುತ್ತದೆ ಎಂಬುದು ಒಯ್ಯುವವರ ನಂಬಿಕೆ. ಎಷ್ಟು ಬೇಗ ಕೊಟ್ಟರೆ ಅಷ್ಟು ಖರ್ಚು ಉಳಿಯುತ್ತದೆ ಎಂಬುದು ಕೊಡುವವರ ಲೆಕ್ಕ. ಈ ಎರಡೂ ಸೇರಿ ಮರಿಗೆ ಎಂಥ ನಷ್ಟವನ್ನುಂಟುಮಾಡುತ್ತವೆ, ಆ ನಷ್ಟವು ಮುಂದೆ ಮನೆಯವರನ್ನೂ ನೆರೆಹೊರೆಯವರನ್ನೂ ಹೇಗೆ ತಟ್ಟುತ್ತದೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸೋಣ.

ಮುಧೋಳದ ನಿದರ್ಶನ

ನಾಯಿಮರಿಗಳ ಸಾಕಣೆಯ ವಿಚಾರ ಬಂದಾಗ ಕನ್ನಡಿಗರಿಗೆ ಮೊದಲು ನೆನಪಾಗುವ ಊರು ಬಾಗಲಕೋಟೆ ಜಿಲ್ಲೆಯ ಮುಧೋಳ. ಘೋರ್ಪಡೆ ಮನೆತನದ ಅರಸರು ಆಳಿದ ಈ ಸಂಸ್ಥಾನದ ಹೆಸರಿನಿಂದಲೇ ಇಲ್ಲಿಯ ಬೇಟೆನಾಯಿಯ ತಳಿ ಪ್ರಸಿದ್ಧವಾಗಿದೆ. ನೀಳವಾದ ಮುಖ, ಆಳವಾದ ಎದೆ, ಒಳಸೇರಿದ ಹೊಟ್ಟೆ, ಉದ್ದನೆಯ ಕಾಲುಗಳುಳ್ಳ ಈ ನಾಯಿ ಓಟಕ್ಕೆಂದೇ ಕಡೆದಿಟ್ಟಂತೆ ಇರುತ್ತದೆ. ಭಾರತೀಯ ಅಂಚೆ ಇಲಾಖೆಯು 2005ರಲ್ಲಿ ದೇಶೀಯ ನಾಯಿತಳಿಗಳ ಅಂಚೆಚೀಟಿಗಳನ್ನು ಹೊರಡಿಸಿದಾಗ ಮುಧೋಳ ತಳಿಗೂ ಅದರಲ್ಲಿ ಸ್ಥಾನ ದೊರೆಯಿತು. 2016ರಲ್ಲಿ ಈ ತಳಿಯ ಕೆಲವು ಮರಿಗಳನ್ನು ಭೂಸೇನೆಯವರು ತರಬೇತಿಗಾಗಿ ಮೀರತ್‌ಗೆ ಕರೆದೊಯ್ದರು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಧೀನದಲ್ಲಿ ಮುಧೋಳದ ಸಮೀಪದ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರವೊಂದು ಸ್ಥಾಪಿತವಾಗಿದೆ. ಸುತ್ತಲಿನ ಹಳ್ಳಿಗಳ ಅನೇಕ ರೈತಕುಟುಂಬಗಳಿಗೆ ಮರಿಗಳ ಸಾಕಣೆಯು ಒಕ್ಕಲುತನದ ಜೊತೆಗಿನ ಉಪಕಸುಬು.

ಮುಧೋಳ ನಾಯಿಯ ಸ್ವಭಾವವನ್ನು ಬಲ್ಲವರು ಒಂದು ಮಾತನ್ನು ತಪ್ಪದೆ ಹೇಳುತ್ತಾರೆ: ಅದು ಅಪರಿಚಿತರ ಸ್ಪರ್ಶವನ್ನು ಸುಲಭವಾಗಿ ಸಹಿಸದು, ತನ್ನವರೆಂದು ಅರಿತವರೊಡನೆ ಮಾತ್ರ ಸಲುಗೆಯಿಂದಿರುತ್ತದೆ. ಇಂಥ ಸಂಕೋಚದ ತಳಿಯಲ್ಲಿ ಮೊದಲ ವಾರಗಳ ಪಾಲನೆಯು ಇನ್ನೂ ಹೆಚ್ಚಿನ ಮಹತ್ತ್ವ ಪಡೆಯುತ್ತದೆ. ಎಳೆತನದಲ್ಲಿ ಹತ್ತಾರು ಕೈಗಳನ್ನು ಅರಿತ ಮುಧೋಳ ಮರಿ ಗಂಭೀರವಾದ, ವಿಶ್ವಾಸಾರ್ಹವಾದ ನಾಯಿಯಾಗುತ್ತದೆ. ಹೊಲದ ಮೂಲೆಯ ಕೊಟ್ಟಿಗೆಯಲ್ಲಿ ಒಬ್ಬರನ್ನೇ ನೋಡಿ ಬೆಳೆದ ಮರಿ, ಪಟ್ಟಣದ ಮನೆಗೆ ಹೋದಾಗ ಮಂಚದ ಕೆಳಗೆ ಅಡಗುವ, ಹತ್ತಿರ ಬಂದವರಿಗೆ ಹಲ್ಲು ತೋರುವ ನಾಯಿಯಾಗುವ ಸಂಭವ ಹೆಚ್ಚು. ತಳಿ ಒಂದೇ ಆಗಿದ್ದರೂ ಪಾಲನೆಯಲ್ಲಿಯ ಅಂತರ ಇಷ್ಟು ದೂರ ಮುಟ್ಟುತ್ತದೆ.

ಮೊದಲ ಎರಡು ವಾರಗಳು

ಹೆಣ್ಣುನಾಯಿಯ ಗರ್ಭದ ಅವಧಿ ಸುಮಾರು 63 ದಿನಗಳು. ಮರಿಗಳು ಹುಟ್ಟುವಾಗ ಕುರುಡು, ಕಿವುಡು. ಕಣ್ಣು ತೆರೆಯುವುದು ಸಾಮಾನ್ಯವಾಗಿ 10ರಿಂದ 14ನೆಯ ದಿನಗಳ ನಡುವೆ. ಕಿವಿ ಕೇಳಿಸತೊಡಗುವುದು ಅದಕ್ಕೂ ತರುವಾಯ, ಮೂರನೆಯ ವಾರದಲ್ಲಿ. ಅಲ್ಲಿಯವರೆಗೆ ಮರಿಗೆ ಗೊತ್ತಿರುವುದು ತಾಯಿಯ ವಾಸನೆ, ತಾಯಿಯ ಶಾಖ, ಹಾಲಿನ ರುಚಿ, ಇಷ್ಟೇ. ಮಲಮೂತ್ರಗಳನ್ನು ಕೂಡ ತಾನಾಗಿ ವಿಸರ್ಜಿಸಲಾರದು. ತಾಯಿಯು ನಾಲಗೆಯಿಂದ ನೆಕ್ಕಿ ಪ್ರಚೋದಿಸಬೇಕು.

ಈ ಅವಧಿಯಲ್ಲಿ ಮರಿಯನ್ನು ಕೊಲ್ಲುವ ಮುಖ್ಯ ಶತ್ರು ಚಳಿ. ಮೊದಲ ವಾರದಲ್ಲಿ ಅದಕ್ಕೆ ನಡುಗಿ ಮೈ ಬಿಸಿ ಮಾಡಿಕೊಳ್ಳುವ ಶಕ್ತಿಯೂ ಇರುವುದಿಲ್ಲ. ಆದುದರಿಂದ ಮಲಗುವ ಸ್ಥಳದ ಉಷ್ಣತೆ ಮೊದಲ ವಾರದಲ್ಲಿ ಸುಮಾರು 30 ಡಿಗ್ರಿ ಸೆಲ್ಸಿಯಸ್ ಇರಬೇಕು. ಆಮೇಲೆ ವಾರದಿಂದ ವಾರಕ್ಕೆ ಇಳಿಸಬಹುದು. ಬಯಲುಸೀಮೆಯ ಬೇಸಿಗೆಯಲ್ಲಿ ಇದಕ್ಕೆ ಪ್ರತ್ಯೇಕ ಏರ್ಪಾಡು ಬೇಡ, ಬದಲಾಗಿ ನೆರಳೂ ಗಾಳಿಯೂ ಬೇಕು. ಆದರೆ ಮಾರ್ಗಶಿರ, ಪುಷ್ಯಮಾಸಗಳ ರಾತ್ರಿಯಲ್ಲಿ ಬರಿಯ ನೆಲದ ಮೇಲೆ ಬಿಟ್ಟ ಮರಿಗಳು ಬೆಳಗಾಗುವುದರೊಳಗೆ ತಣ್ಣಗಾಗಿರುವುದುಂಟು. ಹಳೆಯ ಹಚ್ಚಡ, ಒಣಗಿದ ಗೋಣಿತಟ್ಟು, ಗಾಳಿ ನೇರವಾಗಿ ಬಡಿಯದ ಮೂಲೆ, ಇವು ಯಾವ ಬಡವನ ಮನೆಯಲ್ಲಿಯೂ ಸಿಕ್ಕುವಂಥವು. ಚಳಿ ಹಿಡಿದ ಮರಿಗೆ ಮೊದಲು ಹಾಲು ಕುಡಿಸಲು ಹೋಗಬಾರದು, ಅದು ಜೀರ್ಣವಾಗುವುದಿಲ್ಲ. ಮೊದಲು ಮೆಲ್ಲನೆ ಮೈ ಬೆಚ್ಚಗೆ ಮಾಡಿ ಆಮೇಲೆ ಮೊಲೆಗೆ ಹಿಡಿಯಬೇಕು.

ಹುಟ್ಟಿದ ಮೊದಲ ದಿನದೊಳಗೆ ಪ್ರತಿಯೊಂದು ಮರಿಯ ಹೊಟ್ಟೆಗೂ ಗಿಣ್ಣುಹಾಲು ಸೇರುವಂತೆ ನೋಡಿಕೊಳ್ಳಬೇಕು. ರೋಗಗಳನ್ನು ತಡೆಯುವ ಸತ್ತ್ವವು ತಾಯಿಯಿಂದ ಮರಿಗೆ ಬಹುಭಾಗ ಬರುವುದು ಈ ಹಾಲಿನ ಮೂಲಕವೇ, ಮತ್ತು ಒಂದು ದಿನ ಕಳೆದ ಮೇಲೆ ಮರಿಯ ಕರುಳು ಅದನ್ನು ಹೀರಿಕೊಳ್ಳಲಾರದು. ತಾಯಿ ಸತ್ತರೆ ಅಥವಾ ಹಾಲು ಬತ್ತಿದರೆ ಆಕಳ ಹಾಲಿಗೆ ನೀರು ಬೆರೆಸಿ ಕುಡಿಸುವವರುಂಟು. ಇದು ಹಸಿವೆಯನ್ನು ಮರೆಸುತ್ತದೆ, ಮರಿಯನ್ನು ಉಳಿಸುವುದಿಲ್ಲ. ನಾಯಿಯ ಹಾಲಿನಲ್ಲಿ ಕೊಬ್ಬು, ಸಸಾರಜನಕಗಳೆರಡೂ ಆಕಳ ಹಾಲಿನಲ್ಲಿರುವುದರ ಎರಡು ಪಟ್ಟಿಗಿಂತ ಹೆಚ್ಚು. ಹಾಲಿನ ಸಕ್ಕರೆ ಮಾತ್ರ ಕಡಿಮೆ. ಇಂಥ ಸಂದರ್ಭದಲ್ಲಿ ಪಶುವೈದ್ಯರನ್ನು ಕೇಳಿ ಮರಿಗಳಿಗೆಂದೇ ಸಿದ್ಧಪಡಿಸಿದ ಹಾಲಿನ ಪುಡಿಯನ್ನು ಬಳಸುವುದು ಲೇಸು.

ಮರಿಗಳು ಚೆನ್ನಾಗಿ ಬೆಳೆಯುತ್ತಿವೆಯೋ ಇಲ್ಲವೋ ಎಂಬುದನ್ನು ತಕ್ಕಡಿಯೇ ಹೇಳುತ್ತದೆ. ಹುಟ್ಟಿದಾಗಿನ ತೂಕವು ಎಂಟು ಹತ್ತು ದಿನಗಳಲ್ಲಿ ಇಮ್ಮಡಿಯಾಗಬೇಕು. ದಿನಕ್ಕೊಮ್ಮೆ ತೂಗಿ ಬರೆದಿಟ್ಟರೆ, ಹಿಂದೆ ಬಿದ್ದ ಮರಿಯನ್ನು ಕಣ್ಣಿಗಿಂತ ಮೊದಲೇ ಅಂಕಿ ತೋರಿಸುತ್ತದೆ. ಹೀಗೆ ದಿನವೂ ಎತ್ತಿ ತೂಗುವ ಕೈಯೇ ಮರಿಗೆ ಮನುಷ್ಯನ ಮೊದಲ ಪರಿಚಯವೂ ಆಗುತ್ತದೆ. ತಾಯಿಯ ಕಡೆಗೂ ಗಮನವಿರಲಿ. ಮರಿಗಳಿಗೆ ಮೂರು ನಾಲ್ಕು ವಾರಗಳಾಗುವ ಹೊತ್ತಿಗೆ ಅದರ ಆಹಾರ ಎಂದಿನ ಎರಡು ಮೂರು ಪಟ್ಟಿಗೆ ಏರಬೇಕಾಗುತ್ತದೆ. ಮೊಲೆ ಬಿಸಿಯಾಗಿ ಗಟ್ಟಿಯಾದರೆ, ಅಥವಾ ತಾಯಿ ಏದುಸಿರು ಬಿಡುತ್ತ ಮೈ ನಡುಗಿಸತೊಡಗಿದರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ಎರಡನೆಯದು ಸುಣ್ಣಾಂಶದ ಕೊರತೆಯ ಲಕ್ಷಣ. ಕೆಲವು ಗಂಟೆಗಳ ವಿಳಂಬವೂ ಅದರ ಪ್ರಾಣಕ್ಕೆ ಎರವಾಗಬಲ್ಲದು.

ಬಾಗಿಲು ತೆರೆಯುವ ಕಾಲ

ಮೂರನೆಯ ವಾರದಲ್ಲಿ ಮರಿಯ ಲೋಕ ಹಠಾತ್ತನೆ ವಿಶಾಲವಾಗುತ್ತದೆ. ಕಾಣುತ್ತದೆ, ಕೇಳುತ್ತದೆ, ತಡವರಿಸುತ್ತ ನಡೆಯುತ್ತದೆ, ಹಾಲುಹಲ್ಲು ಮೂಡತೊಡಗುತ್ತದೆ. ಇಲ್ಲಿಂದ ಸುಮಾರು 12ನೆಯ ವಾರದವರೆಗಿನ ಕಾಲವನ್ನು ಒಡನಾಟದ ಸಂಸ್ಕಾರದ ಕಾಲವೆನ್ನಬಹುದು. ಈ ಅವಧಿಯನ್ನು ಶಾಸ್ತ್ರೀಯವಾಗಿ ಗುರುತಿಸಿದವರಲ್ಲಿ ಅಮೆರಿಕದ ಮೇನ್ ಪ್ರಾಂತದ ಬಾರ್ ಹಾರ್ಬರ್ ಎಂಬಲ್ಲಿಯ ಪ್ರಯೋಗಾಲಯದ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಪ್ರಮುಖರು. ಐದು ತಳಿಗಳ ನಾಯಿಗಳನ್ನು ಅನೇಕ ವರ್ಷ ಅಭ್ಯಸಿಸಿ ಅವರು ತಮ್ಮ ನಿರ್ಣಯಗಳನ್ನು 1965ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು.

ಅದೇ ಪ್ರಯೋಗಾಲಯದಲ್ಲಿ ನಡೆದು 1961ರಲ್ಲಿ ಪ್ರಕಟವಾದ ಫ್ರೀಡ್‌ಮನ್, ಕಿಂಗ್, ಎಲಿಯಟ್ ಎಂಬುವರ ಪ್ರಯೋಗವೊಂದು ವಿಶೇಷವಾಗಿ ಮನನೀಯವಾಗಿದೆ. ಕಾಕರ್ ಸ್ಪೇನಿಯಲ್ ಮತ್ತು ಬೀಗಲ್ ತಳಿಗಳ ಮರಿಗಳನ್ನು ಎತ್ತರವಾದ ಬೇಲಿಯಿದ್ದ ಬಯಲಿನಲ್ಲಿ ತಾಯಿಯೊಡನೆ ಬೆಳೆಯಲು ಬಿಟ್ಟರು. ಅನ್ನನೀರುಗಳಿಗೆ ಕೊರತೆಯಿರಲಿಲ್ಲ, ಮನುಷ್ಯರ ಸಂಪರ್ಕ ಮಾತ್ರ ಇರಲಿಲ್ಲ. ಕೆಲವು ಮರಿಗಳನ್ನು ಎರಡನೆಯ ವಾರದಲ್ಲಿ, ಕೆಲವನ್ನು ಮೂರು, ಐದು, ಏಳು, ಒಂಬತ್ತನೆಯ ವಾರಗಳಲ್ಲಿ ಒಳತಂದು ಒಂದೊಂದು ವಾರ ಮನುಷ್ಯರೊಡನೆ ಆಡಿಸಿ ಮತ್ತೆ ಬಯಲಿಗೆ ಬಿಟ್ಟರು. ಉಳಿದ ಕೆಲವನ್ನು 14 ವಾರಗಳವರೆಗೆ ಮುಟ್ಟಲೇ ಇಲ್ಲ. ಈ ಕಡೆಯ ಗುಂಪಿನ ಮರಿಗಳು ಕಾಡುಪ್ರಾಣಿಗಳಂತೆ ಮನುಷ್ಯನನ್ನು ಕಂಡರೆ ಓಡತೊಡಗಿದವು. ಆಮೇಲೆ ಎಷ್ಟು ಮುದ್ದಿಸಿದರೂ ಅವು ಇತರ ಮರಿಗಳಂತೆ ಆಗಲಿಲ್ಲ. ತಂದೆತಾಯಿಗಳು ಸಾಧು ನಾಯಿಗಳೇ ಆಗಿದ್ದವು. ಕೊರತೆಯಾದದ್ದು ಸರಿಯಾದ ವೇಳೆಯಲ್ಲಿ ದೊರೆಯಬೇಕಾದ ಪರಿಚಯ ಮಾತ್ರ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ನಮ್ಮ ಹಿರಿಯರ ಮಾತಿಗೆ ಇದಕ್ಕಿಂತ ನೇರವಾದ ನಿದರ್ಶನ ಸಿಕ್ಕುವುದು ಕಷ್ಟ.

ಒಡನಾಟದ ಸಂಸ್ಕಾರವೆಂದರೇನು?

ಮರಿಯನ್ನು ಎತ್ತಿ ಮುದ್ದಾಡುವುದಷ್ಟೇ ಈ ಸಂಸ್ಕಾರವಲ್ಲ. ಮುಂದೆ ತನ್ನ ಬಾಳಿನಲ್ಲಿ ಎದುರಾಗಬಹುದಾದ ಜನ, ಸದ್ದು, ನೆಲ, ಪ್ರಾಣಿಗಳೆಲ್ಲ ಅಪಾಯಕಾರಿಯಲ್ಲವೆಂಬ ತಿಳಿವಳಿಕೆಯನ್ನು ಅದರ ಮನಸ್ಸಿನಲ್ಲಿ ಮೂಡಿಸುವುದೇ ಇದರ ಉದ್ದೇಶ. ಗಂಡಸರು, ಹೆಂಗಸರು, ಕೋಲೂರಿ ನಡೆಯುವ ಮುದುಕರು, ಓಡಾಡುವ ಮಕ್ಕಳು, ಕೊಡೆ ಹಿಡಿದವರು, ಹೆಲ್ಮೆಟ್ ಧರಿಸಿದವರು, ಕಂಬಳಿ ಹೊದ್ದವರು, ಇವರೆಲ್ಲರನ್ನೂ ಮರಿ ನೋಡಿರಬೇಕು. ಕುಕ್ಕರಿನ ಸೀಟಿ, ಮಿಕ್ಸರಿನ ಸದ್ದು, ಟ್ರ್ಯಾಕ್ಟರು, ಹಲಗೆಯ ಬಡಿತ, ದೂರದಲ್ಲಿ ಸಿಡಿಯುವ ಪಟಾಕಿ, ಇವುಗಳನ್ನು ಮೊದಮೊದಲು ದೂರದಿಂದ, ಮೆಲ್ಲಗೆ ಕೇಳಿಸಬೇಕು. ಮಣ್ಣು, ಸಿಮೆಂಟು, ನುಣುಪಾದ ಗಾರೆ, ಮೆಟ್ಟಿಲುಗಳ ಮೇಲೆ ನಡೆದಿರಬೇಕು. ಓಡುವುದನ್ನು ಕಂಡೊಡನೆ ಬೆನ್ನಟ್ಟುವ ಮುಧೋಳದಂಥ ತಳಿಗಾದರೋ ಕೋಳಿ, ಕುರಿ, ಮೇಕೆಗಳ ಸಹವಾಸವನ್ನು ಈ ವಯಸ್ಸಿನಲ್ಲಿಯೇ ಕಲಿಸುವುದು ಅಗತ್ಯ. ದಿನಕ್ಕೊಮ್ಮೆ ಕಿವಿ, ಬಾಯಿ, ಪಾದಗಳನ್ನು ಮೃದುವಾಗಿ ಮುಟ್ಟಿ ನೋಡುತ್ತಿದ್ದರೆ ಮುಂದೆ ವೈದ್ಯರ ಮೇಜಿನ ಮೇಲೆ ಅದು ಕಚ್ಚಲು ಬರುವುದಿಲ್ಲ.

ಇಲ್ಲಿ ಪಾಲಿಸಬೇಕಾದ ನಿಯಮ ಒಂದೇ: ಬಲವಂತ ಸಲ್ಲದು. ಮರಿಯು ತಾನಾಗಿ ಹತ್ತಿರ ಬರಲಿ. ಹಿಂದೆ ಸರಿದರೆ ಸರಿಯಲು ಬಿಡಬೇಕು. ಹೆದರಿಸಿ ಕಲಿಸಿದ ಪರಿಚಯವು ಭಯದ ಪಾಠವಾಗಿಯೇ ಉಳಿಯುತ್ತದೆ. ಐದಾರು ವಾರಗಳಾದ ಮೇಲೆ ಪ್ರತಿಯೊಂದು ಮರಿಯನ್ನೂ ದಿನಕ್ಕೆ ಕೆಲವು ನಿಮಿಷ ಒಡಹುಟ್ಟಿದವುಗಳಿಂದ ಬೇರೆ ಕರೆದೊಯ್ದು ಆಡಿಸಿದರೆ, ಒಂಟಿತನವನ್ನು ಸಹಿಸುವುದನ್ನೂ ಅದು ಕಲಿಯುತ್ತದೆ.

ಮನುಷ್ಯನು ಕಲಿಸಲಾರದ ಪಾಠಗಳೂ ಉಂಟು. ಒಂದೇ ಸೂಲಿನ ಮರಿಗಳು ಆಡುವಾಗ ಒಂದನ್ನೊಂದು ಕಚ್ಚುತ್ತವೆ. ಕಚ್ಚು ಜೋರಾದರೆ ಕಚ್ಚಿಸಿಕೊಂಡ ಮರಿ ಕುಂಯ್‌ಗುಟ್ಟಿ ಆಟವನ್ನು ನಿಲ್ಲಿಸುತ್ತದೆ. ತಾಯಿಯ ಮೊಲೆಗೆ ನೋವಾದರೆ ತಾಯಿ ಎದ್ದು ಹೋಗುತ್ತದೆ ಅಥವಾ ಗುರುಗುಟ್ಟಿ ಎಚ್ಚರಿಸುತ್ತದೆ. ಹಲ್ಲನ್ನು ಎಷ್ಟು ಬಿಗಿಯಬೇಕು, ಎಲ್ಲಿ ಸಡಿಲಿಸಬೇಕು ಎಂಬುದನ್ನು ಮರಿಯು ಹೀಗೆ ಕಲಿಯುತ್ತದೆ. ಈ ಶಾಲೆ ನಡೆಯುವುದು ಮುಖ್ಯವಾಗಿ ನಾಲ್ಕರಿಂದ ಎಂಟನೆಯ ವಾರದವರೆಗೆ. ತಿಂಗಳಿಗೇ ಮರಿಯನ್ನು ಒಯ್ದವರು ಅದನ್ನು ಶಾಲೆಯ ಬಾಗಿಲಿನಿಂದಲೇ ಬಿಡಿಸಿಕೊಂಡು ಹೋದಂತಾಗುತ್ತದೆ.

ಆಹಾರ ಮತ್ತು ಆರೋಗ್ಯ

ಮೂರೂವರೆ ನಾಲ್ಕು ವಾರಗಳಿಂದ ಮೆತ್ತಗಿನ ಆಹಾರವನ್ನು ರೂಢಿಸಬೇಕು. ಚೆನ್ನಾಗಿ ಬೇಯಿಸಿ ನುಣ್ಣಗೆ ಕಿವುಚಿದ ಅನ್ನ, ಬೇಯಿಸಿದ ಮೊಟ್ಟೆ ಅಥವಾ ಮಾಂಸ, ಅಥವಾ ಬಿಸಿನೀರಿನಲ್ಲಿ ನೆನೆಸಿದ ಮರಿಗಳ ಆಹಾರವನ್ನು ತಟ್ಟೆಯಲ್ಲಿಟ್ಟರೆ ಮೊದಲು ಅದರಲ್ಲಿ ಕಾಲಿಟ್ಟು, ಆಮೇಲೆ ನೆಕ್ಕಿ, ಕಡೆಗೆ ತಿನ್ನಲು ಕಲಿಯುತ್ತವೆ. ಬರಿಯ ಹಾಲು ಅನ್ನ, ಅಥವಾ ಹಾಲು ರೊಟ್ಟಿಯಿಂದ ಮರಿಯ ಎಲುಬು ಬಲಿಯದು. ಮಾಂಸ ಬಳಸದ ಮನೆಯವರು ಮರಿಗಳಿಗೆಂದು ತಯಾರಾದ ಸಮತೋಲ ಆಹಾರವನ್ನು ವೈದ್ಯರ ಸಲಹೆಯಂತೆ ಆರಿಸಿಕೊಳ್ಳಬಹುದು. ಉಳ್ಳಾಗಡ್ಡಿ ಹಾಕಿದ ಸಾರು, ಚಾಕೊಲೇಟು, ದ್ರಾಕ್ಷಿ ನಾಯಿಗೆ ವಿಷಕಾರಿ.

ಮೂರು ವಾರಗಳ ನಂತರ ಮರಿಗಳು ಮಲಗುವ ಸ್ಥಳವನ್ನು ಬಿಟ್ಟು ದೂರ ಹೋಗಿ ಮೂತ್ರವಿಸರ್ಜನೆ ಮಾಡಲು ತಾವಾಗಿಯೇ ಯತ್ನಿಸುತ್ತವೆ. ಒಂದು ಕಡೆ ಉಸುಕು ಅಥವಾ ಮಣ್ಣು ಹರಡಿಟ್ಟರೆ ಅಲ್ಲಿಗೆ ಹೋಗುವುದನ್ನು ಕಲಿತುಬಿಡುತ್ತವೆ. ಹೊಸ ಮನೆಯವರ ಅರ್ಧ ತೊಂದರೆ ಇದರಿಂದಲೇ ತಪ್ಪುತ್ತದೆ.

ಜಂತುಹುಳುಗಳು ತಾಯಿಯ ಗರ್ಭದಿಂದಲೇ ಮರಿಗೆ ಬರುತ್ತವೆ. ಆದುದರಿಂದ ಎರಡು, ನಾಲ್ಕು, ಆರು, ಎಂಟನೆಯ ವಾರಗಳಲ್ಲಿ ತೂಕಕ್ಕೆ ತಕ್ಕ ಔಷಧಿಯನ್ನು ಕೊಡಿಸುವುದು ವಾಡಿಕೆ. ಈ ಹುಳುಗಳ ತತ್ತಿಗಳು ಮಣ್ಣಿನ ಮೂಲಕ ಮನುಷ್ಯರ ಮಕ್ಕಳಿಗೂ ತಗಲುತ್ತವೆಯಾದ್ದರಿಂದ ಇದು ಮರಿಯ ಆರೋಗ್ಯದ ಪ್ರಶ್ನೆ ಮಾತ್ರವಲ್ಲ. 1978ರಲ್ಲಿ ಜಗತ್ತಿನ ಅನೇಕ ಕಡೆ ಕಾಣಿಸಿಕೊಂಡ ಪಾರ್ವೊ ಎಂಬ ವಾಂತಿಭೇದಿಯ ರೋಗವು ಇಂದಿಗೂ ಅಸಂಖ್ಯ ಮರಿಗಳನ್ನು ಬಲಿ ತೆಗೆದುಕೊಳ್ಳುತ್ತದೆ. ಅದರ ಲಸಿಕೆಯನ್ನು ಆರರಿಂದ ಎಂಟನೆಯ ವಾರದಲ್ಲಿ ಆರಂಭಿಸಿ, ಮೂರು ನಾಲ್ಕು ವಾರಗಳಿಗೊಮ್ಮೆ 16ನೆಯ ವಾರದವರೆಗೆ ಮರುಕೊಡಿಸಬೇಕು. ತಾಯಿಯಿಂದ ಬಂದ ರಕ್ಷಣೆಯು ಲಸಿಕೆಯ ಪರಿಣಾಮವನ್ನು ತಡೆಯುವುದರಿಂದ ಒಂದೇ ಚುಚ್ಚುಮದ್ದು ಸಾಲದು.

ಹಾಗಾದರೆ ಲಸಿಕೆಗಳು ಮುಗಿಯುವವರೆಗೆ ಮರಿಯನ್ನು ಮನೆಯೊಳಗೇ ಕೂಡಿಹಾಕಬೇಕಲ್ಲವೇ ಎಂಬ ಪ್ರಶ್ನೆ ಸಹಜ. ಹಾಗೆ ಮಾಡಿದರೆ ರೋಗದಿಂದ ಉಳಿದ ಮರಿ ಸ್ವಭಾವದಲ್ಲಿ ಕೆಡುತ್ತದೆ. ಮುಗಿಯುವ ಹೊತ್ತಿಗೆ ಒಡನಾಟದ ಬಾಗಿಲು ಮುಚ್ಚತೊಡಗಿರುತ್ತದೆ. ಬೀದಿಯ ನೆಲಕ್ಕೆ ಇಳಿಸದೆ ಎತ್ತಿಕೊಂಡು ಹೋಗಿ ಪೇಟೆ, ಬಸ್ ನಿಲ್ದಾಣಗಳನ್ನು ತೋರಿಸುವುದು, ಲಸಿಕೆಯಾದ ಆರೋಗ್ಯವಂತ ನಾಯಿಗಳೊಡನೆ ಮಾತ್ರ ಆಡಗೊಡುವುದು, ನಾನಾ ಬಗೆಯ ಜನರನ್ನು ಮನೆಗೇ ಕರೆಸುವುದು, ಇವು ಎರಡೂ ಅಪಾಯಗಳ ನಡುವಿನ ಮಾರ್ಗಗಳು.

ರೇಬೀಸ್ ಲಸಿಕೆಯನ್ನು ಸಾಮಾನ್ಯವಾಗಿ ಮೂರು ತಿಂಗಳು ತುಂಬಿದಾಗ ಹಾಕಿಸುತ್ತಾರೆ. ಎಳೆಯ ಮರಿಯ ಹಲ್ಲು ತಾಗಿದರೆ ಏನೂ ಆಗದೆಂಬ ತಪ್ಪು ತಿಳಿವಳಿಕೆ ನಮ್ಮಲ್ಲಿ ಬಹಳ ಹರಡಿದೆ. ಮರಿಗೂ ಈ ರೋಗ ಬರಬಲ್ಲದು. ಕಚ್ಚಿದ ಅಥವಾ ಪರಚಿದ ಗಾಯವನ್ನು 15 ನಿಮಿಷಗಳ ಕಾಲ ಸಾಬೂನು, ಹರಿಯುವ ನೀರುಗಳಿಂದ ತೊಳೆದು ಕೂಡಲೇ ವೈದ್ಯರನ್ನು ಕಾಣಬೇಕೆಂಬುದನ್ನು ಪ್ರತಿಯೊಂದು ತರಗತಿಯಲ್ಲಿಯೂ ಹೇಳಿಕೊಡತಕ್ಕದ್ದು. ಬೀದಿಯ ತಾಯಿನಾಯಿಯ ಮರಿಗಳನ್ನು ಕಣ್ಣು ತೆರೆಯುವ ಮೊದಲೇ ಮನೆಗೆ ಎತ್ತಿ ತರುವ ಮಕ್ಕಳ ಕರುಣೆ ದೊಡ್ಡದು. ಆದರೆ ತಾಯಿ ಬದುಕಿರುವಾಗ ಮರಿಗಳನ್ನು ಅಲ್ಲಿಯೇ ಬಿಟ್ಟು, ತಾಯಿಗೆ ಅನ್ನನೀರನ್ನೂ ನೆರಳನ್ನೂ ಒದಗಿಸಿ, ಎಂಟು ವಾರಗಳಾದ ಮೇಲೆ ಮರಿಗೊಂದು ಮನೆ ಹುಡುಕುವುದೇ ನಿಜವಾದ ಉಪಕಾರವೆಂದು ಅವರಿಗೆ ತಿಳಿಯಹೇಳಬೇಕು.

ತಿಂಗಳ ಮರಿಯೋ, ಎರಡು ತಿಂಗಳ ಮರಿಯೋ?

ಎಷ್ಟು ಚಿಕ್ಕದೋ ಅಷ್ಟು ಒಳ್ಳೆಯದೆಂಬ ನಂಬಿಕೆಯನ್ನು ಇಟಲಿಯ ಸಂಶೋಧಕರು ಒರೆಗೆ ಹಚ್ಚಿ ನೋಡಿದ್ದಾರೆ. 2011ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, 30ರಿಂದ 40 ದಿನಗಳ ವಯಸ್ಸಿನಲ್ಲಿ ತಾಯಿಯಿಂದ ಅಗಲಿದ 70 ನಾಯಿಗಳನ್ನು, 60 ದಿನಗಳಿಗೆ ಅಗಲಿದ 70 ನಾಯಿಗಳೊಡನೆ ಹೋಲಿಸಲಾಯಿತು. ಬೇಗ ಅಗಲಿದವುಗಳಲ್ಲಿ ಅತಿಯಾಗಿ ಬೊಗಳುವುದು, ವಸ್ತುಗಳನ್ನು ಹಾಳುಮಾಡುವುದು, ಹೊರಗೆ ಹೋದಾಗ ಹೆದರುವುದು, ಸದ್ದಿಗೆ ಬೆಚ್ಚುವುದು, ತಿನ್ನುವಾಗ ಹತ್ತಿರ ಬಂದವರ ಮೇಲೆ ಏರಿ ಹೋಗುವುದು, ಆಟದಲ್ಲಿ ಕಚ್ಚುವುದು ಮೊದಲಾದ ದೋಷಗಳು ಹೆಚ್ಚಾಗಿ ಕಂಡುಬಂದವು. ಬೇಗ ತಂದದ್ದರಿಂದ ಮರಿ ಹೆಚ್ಚು ನಮ್ಮದಾಗುವುದಿಲ್ಲ, ಹೆಚ್ಚು ಅಸ್ಥಿರವಾಗುತ್ತದೆ ಎಂಬುದೇ ಇದರ ತಾತ್ಪರ್ಯ. ಎಂಟನೆಯ ವಾರದಲ್ಲಿ ಒಯ್ದ ಮರಿಗೆ ಹೊಸ ಮನೆಯವರೊಡನೆ ಬೆರೆಯಲು ಇನ್ನೂ ನಾಲ್ಕು ವಾರಗಳ ಸುಸಮಯ ಉಳಿದೇ ಇರುತ್ತದೆ.

ನಮ್ಮ ದೇಶದ ಕಾನೂನೂ ಇದನ್ನೇ ಹೇಳುತ್ತದೆ. 1960ರ ಪ್ರಾಣಿಹಿಂಸಾ ನಿವಾರಣ ಅಧಿನಿಯಮದ ಮೇರೆಗೆ, ನಾಯಿಗಳ ತಳಿ ಸಂವರ್ಧನೆ ಮತ್ತು ಮಾರಾಟಕ್ಕಾಗಿ 2017ರಲ್ಲಿ ರಚಿತವಾದ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಕೊನೆಯ ನಾಲ್ಕು ವಾರಗಳಲ್ಲಿ ಮರಿಗಳ ಹಸಿವೆ ದೊಡ್ಡದು, ಖರ್ಚೂ ದೊಡ್ಡದು ಎಂಬ ಸಾಕುವವರ ಅಳಲು ಸುಳ್ಳಲ್ಲ. ಈ ಖರ್ಚನ್ನು ಬೆಲೆಯಲ್ಲಿ ಸೇರಿಸಿ ಕೇಳುವುದು ಅವರ ಹಕ್ಕು, ಸಂತೋಷದಿಂದ ಕೊಡುವುದು ಕೊಳ್ಳುವವರ ಧರ್ಮ. ಅಗ್ಗದ ತಿಂಗಳ ಮರಿಯನ್ನು ಬಯಸುವ ಗಿರಾಕಿಗಳು ಇರುವವರೆಗೆ ಬಡ ಸಾಕಣೆಗಾರನೊಬ್ಬನನ್ನೇ ದೂರುವುದು ನ್ಯಾಯವಲ್ಲ.

ಹೊಸ ಮನೆಗೆ

ಮರಿಯನ್ನು ಕೊಡುವ ಮುನ್ನ ಕೆಲವು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು. ಮನೆಯಲ್ಲಿ ಹಗಲು ಯಾರಿರುತ್ತಾರೆ? ಓಡಾಡಲು ಸ್ಥಳವುಂಟೇ? ಹತ್ತು ಹನ್ನೆರಡು ವರ್ಷ ಸಾಕುವ ಸಂಕಲ್ಪವುಂಟೇ? ಮಕ್ಕಳ ಹುಟ್ಟುಹಬ್ಬದ ಕಾಣಿಕೆಗೆಂದು ಬಂದವರಿಗೆ, ಅಥವಾ ಹಗಲಿರುಳು ಸರಪಳಿಯಲ್ಲಿ ಕಟ್ಟಿ ಕಾವಲಿಗೆ ಇಡುವವರಿಗೆ, ಹಣ ಎಷ್ಟೇ ಇದ್ದರೂ ಇಲ್ಲವೆನ್ನುವ ಧೈರ್ಯ ಬೇಕು. ಕೊಂಡೊಯ್ಯುವವರೂ ತಾಯಿನಾಯಿಯನ್ನು ಕಣ್ಣಾರೆ ನೋಡಬೇಕು. ತಾಯಿಯ ನಡತೆ, ಮಲಗುವ ಸ್ಥಳದ ಶುಚಿತ್ವ, ಮರಿಗಳು ಅಪರಿಚಿತರ ಬಳಿಗೆ ಬರುವ ರೀತಿ, ಇವು ಯಾವ ಪ್ರಮಾಣಪತ್ರಕ್ಕಿಂತಲೂ ಮಿಗಿಲಾದ ಸಾಕ್ಷಿಗಳು.

ಮರಿಯ ಜೊತೆಗೆ ಲಸಿಕೆಯ ಕಾರ್ಡು, ಜಂತುಹುಳುವಿನ ಔಷಧಿ ಕೊಟ್ಟ ದಿನಾಂಕಗಳು, ಆಹಾರದ ವಿವರ, ಒಂದು ವಾರಕ್ಕೆ ಸಾಲುವಷ್ಟು ಅದೇ ಆಹಾರ, ತಾಯಿಯ ವಾಸನೆಯಿರುವ ಒಂದು ಬಟ್ಟೆಯ ತುಂಡು ಇವನ್ನು ಕಳುಹಿಸುವುದು ಒಳ್ಳೆಯ ಪದ್ಧತಿ. ಎಂಟರಿಂದ ಹತ್ತನೆಯ ವಾರದ ಸುಮಾರಿಗೆ ಮರಿಗಳು ಭಯಕ್ಕೆ ಬೇಗ ಪಕ್ಕಾಗುವುದರಿಂದ ಪ್ರಯಾಣವು ಗದ್ದಲವಿಲ್ಲದೆ ಸಾಗಬೇಕು. ಮೊದಲ ರಾತ್ರಿಗಳಲ್ಲಿ ಮರಿ ಅಳುತ್ತದೆ. ಅದು ಹಟವಲ್ಲ, ತಾಯಿಯನ್ನೂ ಒಡಹುಟ್ಟಿದವರನ್ನೂ ಅಗಲಿದ ಜೀವದ ಕರೆ. ಅದನ್ನು ಹೊರಗೆ ನೂಕದೆ, ಹೊಡೆಯದೆ, ಮನೆಯವರ ಉಸಿರು ಕೇಳುವಷ್ಟು ಹತ್ತಿರ ಮಲಗಿಸಿದರೆ ಕೆಲವೇ ದಿನಗಳಲ್ಲಿ ಹೊಂದಿಕೊಳ್ಳುತ್ತದೆ. ಒಂದುವೇಳೆ ಹೊಸ ಮನೆ ಒಗ್ಗದಿದ್ದರೆ ಬೀದಿಗೆ ಬಿಡದೆ ತನ್ನಲ್ಲಿಗೇ ಮರಳಿಸಬೇಕೆಂಬ ಮಾತನ್ನು ಸಾಕಿದವನು ಮೊದಲೇ ಪಡೆದಿರಬೇಕು.

ನಾಯಿ ಕಚ್ಚಿತೆಂದು, ನಾಯಿ ಕೆಟ್ಟಿತೆಂದು ದೂರುವುದು ಸುಲಭ. ಹಾಗೆ ಕೆಟ್ಟ ಎಷ್ಟೋ ನಾಯಿಗಳ ಹಿಂದೆ ಬೆಚ್ಚನೆಯ ಹಾಸಿಗೆಯಿಲ್ಲದೆ, ಒಡಹುಟ್ಟಿದವರ ಆಟವಿಲ್ಲದೆ, ಮೃದುವಾದ ಕೈಗಳ ಪರಿಚಯವಿಲ್ಲದೆ ಕಳೆದ ಎಳೆತನವಿರುತ್ತದೆ. ಮರಿಯನ್ನು ಕೊಡುವವರು ಎಂಟು ವಾರ ತಾಳಿದರೆ, ಒಯ್ಯುವವರು ಅಷ್ಟೇ ಕಾಲ ಕಾದರೆ, ಒಂದು ಮನೆಗೆ ಹತ್ತು ಹನ್ನೆರಡು ವರ್ಷಗಳ ನಿಷ್ಠಾವಂತ ಒಡನಾಡಿ ದೊರೆಯುತ್ತದೆ, ಒಂದು ಬೀದಿಗೆ ನಿರ್ಭಯ ದೊರೆಯುತ್ತದೆ. ಆ ತಾಳ್ಮೆಗೆ ತಗಲುವ ವೆಚ್ಚವು ನಾಲ್ಕು ವಾರಗಳ ಅನ್ನ ಮತ್ತು ದಿನಕ್ಕೆ ಕೆಲವು ನಿಮಿಷಗಳ ಪ್ರೀತಿ ಮಾತ್ರ.